ಸನ್ನತಿಯ ಕಲ್ಲು ಯಾರದು?

ಊರಿನ ಗತಕಾಲವನ್ನು ನಾವು ಹುಡುಕುವುದು ತಿಳಿಯಲಿಕ್ಕೋ, ಹಕ್ಕು ಸಾಧಿಸಲಿಕ್ಕೋ? ಹಳೆಯ ನಕ್ಷೆ, ದಾಖಲೆ, ಶಾಸನಗಳು ಇಂದು 'ಇಲ್ಲಿ ಮೊದಲು ಯಾರಿದ್ದರು' ಎಂಬ ತಕರಾರಿನ ಸಾಕ್ಷಿಗಳಾಗುತ್ತಿವೆ.

ಕಲಬುರಗಿ ಜಿಲ್ಲೆಯ ಭೀಮಾ ತೀರದಲ್ಲಿ ಸನ್ನತಿ ಇದೆ. 1986ರಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಛಾವಣಿ ಕುಸಿದು ಮೂರ್ತಿ ಭಗ್ನವಾಯಿತು. ಅದರ ಪೀಠದ ಕಲ್ಲಿನಲ್ಲಿ ಕಂಡದ್ದು ಬ್ರಾಹ್ಮಿ ಲಿಪಿಯ, ಪ್ರಾಕೃತ ಭಾಷೆಯ ಅಶೋಕನ ಶಾಸನ! ಮೂರ್ತಿ ನಿಲ್ಲಿಸಲು ಕಲ್ಲಿನ ನಡುವೆ ರಂಧ್ರ ಕೊರೆದಿದ್ದರಿಂದ ಕೆಲವು ಅಕ್ಷರಗಳು ಅಳಿದಿದ್ದವು. ಸಮೀಪದ ಕನಗನಹಳ್ಳಿಯ ಉತ್ಖನನದಲ್ಲಿ ಬೌದ್ಧ ಸ್ತೂಪವೂ, ಹೆಸರು ಕೆತ್ತಿದ ಅಶೋಕನ ಶಿಲ್ಪವೂ ದೊರೆತವು.

ಹಾಗಾದರೆ ಆ ಕಲ್ಲು ಯಾರದು? ಬರೆಸಿದ ದೊರೆಯದೇ? ಬೌದ್ಧರದೇ? ಶತಮಾನಗಳ ಕಾಲ ಅದರ ಮುಂದೆ ಕೈಮುಗಿದವರದೇ? ರಂಧ್ರ ಕೊರೆದವರ ಮನಸ್ಸಿನಲ್ಲಿ ದ್ವೇಷವಿತ್ತೆಂದು ಹೇಳಲು ನಮ್ಮಲ್ಲಿ ಆಧಾರವಿಲ್ಲ. ಪ್ರಾಯಶಃ ಅವರಿಗೆ ಆ ಲಿಪಿ ಓದಲು ಬರುತ್ತಿರಲಿಲ್ಲ.

ನಮಗಾದರೋ ಓದಲು ಬರುತ್ತದೆ. ಆ ಕಲ್ಲಿನಲ್ಲಿರುವ ಹನ್ನೆರಡನೆಯ ಶಾಸನದ ತಿರುಳೇನು? ಪರಧರ್ಮವನ್ನು ಹೀಗಳೆದು ಸ್ವಧರ್ಮವನ್ನು ಹೊಗಳುವವನು ತನ್ನ ಧರ್ಮಕ್ಕೇ ಕೇಡು ಮಾಡುತ್ತಾನೆ ಎಂಬುದು.

ಗತಕಾಲದ ಅನ್ಯಾಯಗಳನ್ನು ಮುಚ್ಚಿಡಬೇಕೆಂದು ಇದರ ಅರ್ಥವಲ್ಲ. ಸತ್ಯವನ್ನು ಪೂರ್ತಿ ಹೇಳಬೇಕು, ನಮಗೆ ಕಹಿಯಾದರೂ. ಆದರೆ ಅಂದಿನವರ ಸಾಲವನ್ನು ಇಂದಿನ ನೆರೆಯವನಿಂದ ವಸೂಲಿ ಮಾಡುವುದು ನ್ಯಾಯವಲ್ಲ. ಭೂಮಿಯಲ್ಲಿ ಸಂಚರಿಸಿ ಗತಿಸಿದ ಜನಾಂಗಗಳನ್ನು ಗಮನಿಸುವಂತೆ ಪವಿತ್ರ ಕುರ್‌ಆನ್ ಹೇಳುವುದೂ ಪಾಠ ಕಲಿಯಲೆಂದೇ, ಪಾಲು ಕೇಳಲೆಂದಲ್ಲ.

ಓದಲು ಬಾರದವರು ಆ ಕಲ್ಲನ್ನು ಒಮ್ಮೆ ಕೊರೆದರು. ಓದಿಯೂ ಅದನ್ನು ಜಗಳಕ್ಕೆ ಬಳಸಿದರೆ, ಎರಡನೆಯ ಬಾರಿ ಕೊರೆದವರು ನಾವಾಗುತ್ತೇವೆ.