ಕರಸ್ಥಲದ ಅಕ್ಷರ

ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ಪೂಜಿಸುವ ಸದ್ಭಕ್ತರಿಗೆ ಕೈಯೆಂಬುದು ಬರಿಯ ಕರ್ಮೇಂದ್ರಿಯವಲ್ಲ, ಅರಿವಿನ ನೆಲೆಯೂ ಹೌದು. ಆದರೂ ಅಂಥವರ ಮನೆಯಲ್ಲಿಯೇ ಕಣ್ಣಿಲ್ಲದ ಮಗು ಹುಟ್ಟಿದರೆ, "ಪಾಪ, ಇವನಿಗೇಕೆ ಓದು? ನಾವಿರುವವರೆಗೆ ಎರಡು ತುತ್ತು ಹಾಕಿದರಾಯಿತು" ಎಂಬ ಮಾತು ಹಿರಿಯರ ಬಾಯಿಂದ ಬರುವುದುಂಟು. ಮೇಲುನೋಟಕ್ಕೆ ಇದು ಕರುಣೆ. ವಿಚಾರಿಸಿದರೆ ಆ ಮಗುವಿನ ಕಾಯಕವನ್ನು ಮೊದಲೇ ಕಸಿದುಕೊಂಡಂತೆ. ಕಾಯಕವಿಲ್ಲದವನಿಗೆ ದಾಸೋಹವೆಲ್ಲಿಯದು? ನೀಡಬೇಕಾದ ಕೈ ಜೀವಮಾನವೆಲ್ಲ ಬೇಡುವ ಕೈಯಾಗಿಯೇ ಉಳಿಯುವುದು.

ಬೆರಳಿನಿಂದ ಓದುವ ಲಿಪಿಯನ್ನು ಕಲ್ಪಿಸಿದವನೂ ಕಾಯಕದ ಮನೆಯವನೇ. ಫ್ರಾನ್ಸ್ ದೇಶದ ಹಳ್ಳಿಯೊಂದರಲ್ಲಿ 1809ರಲ್ಲಿ ಜನಿಸಿದ ಲೂಯಿ ಬ್ರೈಲನ ತಂದೆ ಕುದುರೆಯ ಜೀನು ಮಾಡುವವನು. ಮೂರರ ಹರೆಯದಲ್ಲಿ, ಚರ್ಮಕ್ಕೆ ತೂತಿಡುವ ತಂದೆಯ ಮೊನಚಾದ ಉಪಕರಣವು ತಗುಲಿ ಮಗುವಿನ ಒಂದು ಕಣ್ಣು ಕೆಟ್ಟಿತು. ಆ ಬಾಧೆಯು ಮತ್ತೊಂದಕ್ಕೂ ಹಬ್ಬಿ ಎರಡೂ ಹೋದವು. ತಂದೆತಾಯಿಗಳು ಅವನನ್ನು ಮೂಲೆಯಲ್ಲಿ ಕೂರಿಸಲಿಲ್ಲ. 1819ರಲ್ಲಿ ಪ್ಯಾರಿಸ್ಸಿನ ಅಂಧರ ಶಾಲೆಗೆ ಕಳುಹಿದರು. ಬಾರ್ಬಿಯೇ ಎಂಬ ಸೇನಾಧಿಕಾರಿಯು ಕಲ್ಪಿಸಿದ್ದ ಹನ್ನೆರಡು ಚುಕ್ಕೆಗಳ ಬರಹವು ಬೆರಳ ತುದಿಗೆ ಒಮ್ಮೆಲೇ ನಿಲುಕುತ್ತಿರಲಿಲ್ಲ. ಹದಿನೈದರ ಬಾಲಕನು ಅದನ್ನು ಆರಕ್ಕೆ ಇಳಿಸಿದನು. 1829ರಲ್ಲಿ ಅದು ಗ್ರಂಥರೂಪದಲ್ಲಿ ಹೊರಬಂದಿತು. ಕಣ್ಣು ಕಳೆದಂಥ ಮೊನೆಯಿಂದಲೇ ಇಂದಿಗೂ ಆ ಚುಕ್ಕೆಗಳನ್ನು ಕಾಗದದ ಮೇಲೆ ಒತ್ತುವರೆಂಬುದು ವಿಚಿತ್ರ.

ನಮ್ಮ ದೇಶದಲ್ಲಿ 1951ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ ಅಂಗೀಕೃತವಾಯಿತು. ಎಡಸಾಲಿನ ಮೇಲಿನ ಚುಕ್ಕೆ, ಕೆಳಗಿನ ಚುಕ್ಕೆ, ಇವೆರಡು ಸೇರಿದರೆ ಕನ್ನಡಕ್ಕೂ ಹಿಂದಿಗೂ ಅದೇ ಕಕಾರ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಡಿತ ಪುಟ್ಟರಾಜ ಗವಾಯಿಗಳು (1914–2010) ದೃಷ್ಟಿಯಿಲ್ಲದೆಯೇ ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥಗಳನ್ನು ರಚಿಸಿದವರು. ಅಲ್ಲಿ ಅನೇಕ ಅಂಧ ಬಾಲಕರು ಸಂಗೀತವನ್ನು ಕಲಿತು ಅದನ್ನೇ ಕಾಯಕ ಮಾಡಿಕೊಂಡರು.

ಇಲ್ಲಿ ಒಂದು ಆಕ್ಷೇಪ ಬರುವುದು: ಈಗ ಫೋನೇ ಎಲ್ಲವನ್ನೂ ಓದಿ ಹೇಳುವಾಗ ಬ್ರೈಲ್ ಏಕೆ? ಫೋನಿನ ಉಪಕಾರವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಕೇಳುವುದು ಬೇರೆ, ಓದುವುದು ಬೇರೆ. ಶಕಾರ ಷಕಾರಗಳ ಭೇದವನ್ನು ಕಿವಿ ಸಾಮಾನ್ಯವಾಗಿ ಹಿಡಿಯದು, ಬೆರಳು ಹಿಡಿಯುವುದು. (ಕಣ್ಣುಳ್ಳ ವಿದ್ಯಾರ್ಥಿಗಳೇ ಇದರಲ್ಲಿ ಎಡವುವರೆಂಬುದು ಬೇರೆ ಮಾತು.) ಪಾಠ ಹೇಳುವ ಅಧ್ಯಾಪಕನು ಒಂದು ಕೈಯನ್ನು ಟಿಪ್ಪಣಿಯ ಮೇಲಿರಿಸಿ ಮಾತನ್ನು ತಡೆಯದೆ ಮುಂದುವರಿಸಬಲ್ಲನು, ಕಿವಿಯೊಳಗೆ ಯಂತ್ರವು ನುಡಿಯುತ್ತಿದ್ದರೆ ಅದು ಕಷ್ಟ. ಲೆಕ್ಕದ ಸಾಲುಗಳನ್ನು ಮೇಲೆ ಕೆಳಗೆ ತಡವಿ ಹೋಲಿಸುವುದೂ ಹಾಗೆಯೇ.

ಮನೆಯೊಳಗಂತೂ ಇದರ ಬೆಲೆ ಇನ್ನೂ ಹೆಚ್ಚು. ಉಪ್ಪಿನ ಡಬ್ಬಿ, ಸಕ್ಕರೆಯ ಡಬ್ಬಿ, ಅತ್ತೆಯ ಔಷಧ, ಮಗುವಿನ ಔಷಧ, ಇವುಗಳ ಮೇಲೆ ಚುಕ್ಕೆಯ ಚೀಟಿ ಅಂಟಿಸಿದ್ದರೆ ಸೊಸೆಯು ಯಾರನ್ನೂ ಕೂಗಬೇಕಾಗಿಲ್ಲ. ಇದಕ್ಕಾಗಿ ಮನೆಯ ಕಣ್ಣುಳ್ಳವರೂ ಆ ಆರು ಚುಕ್ಕೆಗಳನ್ನು ಕಲಿಯತಕ್ಕದ್ದು. ಅವರು ಕಣ್ಣಿನಿಂದಲೇ ಕಲಿಯಬಹುದು. ತಾಯಿ ಕಲಿತಿದ್ದರೆ, ಗಂಡನ ಮನೆಗೆ ಹೋದ ಕಣ್ಣಿಲ್ಲದ ಮಗಳಿಗೆ ತನ್ನ ಕೈಯಿಂದಲೇ ಪತ್ರ ಬರೆಯುವಳು. ಸುಖವೋ ದುಃಖವೋ, ಅದನ್ನು ನೆರೆಮನೆಯವರು ಗಟ್ಟಿಯಾಗಿ ಓದಿ ಹೇಳಬೇಕಾಗಿಲ್ಲ; ಮಗಳು ಬಾಗಿಲು ಮುಚ್ಚಿಕೊಂಡು, ತೊಡೆಯ ಮೇಲಿರಿಸಿಕೊಂಡು, ಬೇಕಾದಷ್ಟು ಸಲ ಓದಿಕೊಳ್ಳುವಳು.