ನಾಲಗೆಯಿಲ್ಲದ ರುಚಿಗಾರ

ಠಾಣೆಯಿಂದ ಡೊಂಬಿವಲಿ, ಕಲ್ಯಾಣದವರೆಗೆ, ಅತ್ತ ವಾಶಿಯಿಂದ ಪನವೇಲಿನವರೆಗೆ ನಮ್ಮವರು ನಡೆಸುವ ಹೋಟೆಲುಗಳಿಗೆ ಲೆಕ್ಕವಿಲ್ಲ. ಇಡ್ಲಿ, ದೋಸೆಗಳ ಹೋಟೆಲುಗಳಿರುವಂತೆ 'ಪರ್ಮಿಟ್ ರೂಮ್' ಎಂಬ ಫಲಕ ಹೊತ್ತವೂ ಇವೆ. 1949ರ ಮುಂಬಯಿ ಪಾನನಿರೋಧ ಕಾನೂನು ಕುಡಿಯುವವನಿಗೆ ಪರವಾನಗಿ ಬೇಕೆಂದು ವಿಧಿಸಿದ್ದರಿಂದ ಹುಟ್ಟಿದ ಹೆಸರು ಅದು. ಆದ್ದರಿಂದ ಸಂಘದ ಪತ್ರಿಕೆಯಲ್ಲಿ ವೈನಿನ ಮಾತೆತ್ತಿದರೆ ಓದುಗರು ತೀರಾ ಹುಬ್ಬೇರಿಸಲಾರರೆಂದು ನಂಬಿದ್ದೇನೆ. ಕುಡಿಯುವುದು ಸರಿಯೇ ತಪ್ಪೇ ಎಂಬುದು ಇಲ್ಲಿಯ ಚರ್ಚೆಯಲ್ಲ. ಪ್ರಶ್ನೆ ಬೇರೆ: ತಾನು ಎಂದೂ ಸವಿಯದ ವಸ್ತುವನ್ನು 'ಇದು ಚೆನ್ನಾಗಿದೆ, ತೆಗೆದುಕೊಳ್ಳಿ' ಎಂದು ಇನ್ನೊಬ್ಬರಿಗೆ ಹೇಳುವ ಅಧಿಕಾರ ಯಾರಿಗಾದರೂ ಇದೆಯೇ?

ದೊಡ್ಡ ಹೋಟೆಲುಗಳಲ್ಲಿ ಸೊಮೆಲಿಯೇ ಎಂಬ ನೌಕರನಿರುತ್ತಾನೆ. ಫ್ರೆಂಚ್ ಭಾಷೆಯಲ್ಲಿ ಈ ಪದಕ್ಕೆ ಮೊದಲಿದ್ದ ಅರ್ಥ ಹೇರು ಹೊರುವ ಪ್ರಾಣಿಗಳ ಮೇಲ್ವಿಚಾರಕ ಎಂದು. ಬರಬರುತ್ತ ಉಗ್ರಾಣದವನಾಗಿ, ಕೊನೆಗೆ ವೈನಿನ ಪರಿಚಾರಕನಾದ. ಈ ವಿದ್ಯೆಯ ಅತ್ಯುನ್ನತ ಪರೀಕ್ಷೆ ಲಂಡನ್ನಿನಲ್ಲಿ ಮೊದಲು ನಡೆದದ್ದು 1969ರಲ್ಲಿ. ನಮ್ಮಲ್ಲಿಯೂ ಈ ಬೆಳೆ ಹೊಸತೇನಲ್ಲ. ನಂದಿಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ಸಂಸ್ಥೆ 1988ರಲ್ಲಿಯೇ ಕೆಲಸ ಆರಂಭಿಸಿತು. ನಮ್ಮ ಕಲ್ಯಾಣದಿಂದ ಕಸಾರಾ ಮಾರ್ಗವಾಗಿ ಹೋದರೆ ಸಿಗುವ ನಾಸಿಕದಲ್ಲಿ ಸುಲಾ ಸಂಸ್ಥೆಯ ಮೊದಲ ವೈನ್ 2000ದಲ್ಲಿ ಹೊರಬಂದಿತು. ದ್ರಾಕ್ಷಿ ಸಂಸ್ಕರಣೆಗಾಗಿ ಮಹಾರಾಷ್ಟ್ರ 2001ರಲ್ಲಿಯೂ ಕರ್ನಾಟಕ 2007ರಲ್ಲಿಯೂ ಪ್ರತ್ಯೇಕ ನೀತಿಗಳನ್ನು ತಂದವು.

ಸೊಮೆಲಿಯೇ ಬರೀ ಸೀಸೆಯ ಬಿರಡೆ ತೆಗೆಯುವವನಲ್ಲ. ದಾಸ್ತಾನಿನ ಲೆಕ್ಕ, ಖರೀದಿ, ಉಗ್ರಾಣದ ಉಷ್ಣಾಂಶ, ಪಟ್ಟಿ ಬರೆಯುವುದು, ಹುಡುಗರಿಗೆ ಕಲಿಸುವುದು, ಯಾವ ಊಟಕ್ಕೆ ಯಾವುದು ಹೊಂದುತ್ತದೆಂದು ಗಿರಾಕಿಗೆ ಹೇಳುವುದು, ಇವೆಲ್ಲವೂ ಅವನವೇ. ಈಗ ಇವುಗಳಲ್ಲಿ ಬಹುಪಾಲು ಕೆಲಸಕ್ಕೆ ಕೃತಕ ಬುದ್ಧಿಮತ್ತೆ ಕೈಜೋಡಿಸುತ್ತದೆ. ಯಾವ ಸೀಸೆ ಮುಗಿಯುತ್ತಾ ಬಂದಿದೆ ಎಂದು ಎಚ್ಚರಿಸುತ್ತದೆ, ಪಟ್ಟಿಯ ಕರಡು ಬರೆದುಕೊಡುತ್ತದೆ, ಸೀಸೆಯ ಚೀಟಿಯ ಚಿತ್ರ ತೋರಿಸಿದರೆ ಅದರ ಕುಲಗೋತ್ರ ಹೇಳುತ್ತದೆ. ಕೋರಿ ರೊಟ್ಟಿಯೊಡನೆ ಯಾವುದನ್ನು ಬಡಿಸಬೇಕೆಂದು ಕೇಳಿದರೂ ಅದು ತಡವರಿಸುವುದಿಲ್ಲ! ಲೆಕ್ಕಪತ್ರದ ಕೆಲಸದಲ್ಲಿ ಈ ನೆರವನ್ನು ಬೇಡವೆನ್ನಲು ಕಾರಣವೇ ಇಲ್ಲ. ತೊಡಕಿರುವುದು ಕೊನೆಯ ಕೆಲಸದಲ್ಲಿ, ಅಂದರೆ ಸಲಹೆಯಲ್ಲಿ.

ಯಂತ್ರಕ್ಕೆ ನಾಲಗೆಯಿಲ್ಲ, ಆದ್ದರಿಂದ ಅದು ರುಚಿ ಹೇಳಲಾರದು ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡಬಹುದಿತ್ತು. ಆದರೆ ವಿಜ್ಞಾನ ಓದಿದವನಿಗೆ ಅಷ್ಟು ಸುಲಭವಾಗಿ ಸಮಾಧಾನವಾಗದು. ಪೋರ್ಚುಗಲ್ಲಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 1,599 ಕೆಂಪು, 4,898 ಬಿಳಿ ವೈನ್ ಮಾದರಿಗಳ ಆಮ್ಲತೆ, ಸಕ್ಕರೆ, ಸಾಂದ್ರತೆ, ಗಂಧಕದ ಡೈಆಕ್ಸೈಡ್, ಮದ್ಯಸಾರ ಮುಂತಾದ 11 ಪ್ರಯೋಗಶಾಲೆಯ ಅಳತೆಗಳಿಂದಲೇ, ಪರಿಣತರು ಎಷ್ಟು ಅಂಕ ಕೊಡುವರೆಂದು ಗಣಕಯಂತ್ರ ಊಹಿಸಲು ಯತ್ನಿಸಿತು. ತಕ್ಕಮಟ್ಟಿಗೆ ಊಹಿಸಿತು ಕೂಡ. ಅದಕ್ಕೂ ಮೊದಲು ಪ್ರಿನ್ಸ್‌ಟನ್ನಿನ ಅರ್ಥಶಾಸ್ತ್ರಜ್ಞ ಆರ್ಲಿ ಆಶೆನ್‌ಫೆಲ್ಟರ್, ಚಳಿಗಾಲದ ಮಳೆ, ಬೆಳೆಗಾಲದ ಬಿಸಿಲು, ಕೊಯ್ಲಿನ ಹೊತ್ತಿನ ಮಳೆ, ಇವುಗಳ ಲೆಕ್ಕದಿಂದಲೇ ಬೋರ್ದೋ ವೈನಿನ ಬೆಲೆಯ ಭವಿಷ್ಯ ಹೇಳಿ ರುಚಿಪಂಡಿತರ ಕೋಪಕ್ಕೆ ಗುರಿಯಾಗಿದ್ದರು.

ಮನುಷ್ಯನ ನಾಲಗೆಯಾದರೂ ಎಷ್ಟು ನಂಬಿಕಸ್ಥ? ಬೋರ್ದೋದಲ್ಲಿ ವೈನ್‌ಶಾಸ್ತ್ರ ಕಲಿಯುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಅವರು ಅದರ ಪರಿಮಳವನ್ನು ಕೆಂಪು ವೈನಿಗೆ ಹೇಳುವ ಮಾತುಗಳಲ್ಲಿಯೇ ವರ್ಣಿಸಿದರು. 2001ರಲ್ಲಿ ಪ್ರಕಟವಾದ ಪ್ರಯೋಗವಿದು. ಕ್ಯಾಲಿಫೋರ್ನಿಯದ ಸ್ಪರ್ಧೆಯೊಂದರಲ್ಲಿ ತೀರ್ಪುಗಾರರಿಗೆ ಒಂದೇ ಸೀಸೆಯ ವೈನನ್ನು ತಿಳಿಯದಂತೆ ಮೂರು ಸಲ ಕೊಟ್ಟು ನೋಡಿದ ರಾಬರ್ಟ್ ಹಾಡ್ಜ್‌ಸನ್ 2008ರಲ್ಲಿ ತಿಳಿಸಿದ್ದೇನೆಂದರೆ, ಮೂರೂ ಸಲ ಹೆಚ್ಚುಕಡಿಮೆ ಒಂದೇ ದರ್ಜೆ ಕೊಟ್ಟವರು ಹತ್ತರಲ್ಲಿ ಒಬ್ಬರು ಮಾತ್ರ. ಕಣ್ಣು, ಬೆಲೆ, ಹೆಸರು ಎಲ್ಲವೂ ನಾಲಗೆಯ ಮೇಲೆ ಬಂದು ಕುಳಿತಿರುತ್ತವೆ.

ಹಾಗಾದರೆ ನಾಲಗೆ ಬೇಡವೇ ಬೇಡವೆ? ನಮ್ಮ ದೇವಸ್ಥಾನಗಳ ಪಾಕಶಾಲೆಯನ್ನು ನೆನೆಯಿರಿ. ನೈವೇದ್ಯಕ್ಕೆ ಮೊದಲು ಅಡುಗೆಯವರು ಒಂದು ಹನಿಯನ್ನೂ ಬಾಯಿಗೆ ಹಾಕುವಂತಿಲ್ಲ. ಆದರೂ ಸಾರಿನ ಉಪ್ಪು ತಪ್ಪುವುದಿಲ್ಲ. ಕೈಯಳತೆ, ಮೂಗು, ಕುದಿಯುವ ಸದ್ದು, ಇಷ್ಟರಿಂದಲೇ ಅವರಿಗೆ ತಿಳಿಯುತ್ತದೆ. ನಾಲಗೆಯಿಲ್ಲದೆ ರುಚಿ ತಿಳಿಯಬಹುದೆಂಬುದಕ್ಕೆ ಇದೇ ನಿದರ್ಶನವಲ್ಲವೇ ಎಂದು ಯಂತ್ರದ ಪಕ್ಷದವರು ಕೇಳಬಹುದು. ಆದರೆ ಅದೇ ಅಡುಗೆಯವರು ನಿನ್ನೆಯ ಪ್ರಸಾದವನ್ನು ಉಂಡವರು, ಮೊನ್ನೆಯದನ್ನೂ ಉಂಡವರು. ಇಂದು ಸವಿಯದಿರುವ ಅವರ ಸಂಯಮದ ಹಿಂದೆ ವರ್ಷಗಟ್ಟಲೆ ಸವಿದ ನೆನಪಿದೆ. ಪೋರ್ಚುಗಲ್ಲಿನ ಯಂತ್ರವೂ ಅಷ್ಟೇ: ಅದಕ್ಕೆ ಕಲಿಸಿದ ಅಂಕಗಳನ್ನು ಕೊಟ್ಟವರು ನಾಲಗೆಯುಳ್ಳ ಮನುಷ್ಯರೇ. ಆಚಾರ್ಯ ಮಧ್ವರ ಮತದಲ್ಲಿ ಪ್ರಮಾಣಗಳು ಮೂರು: ಪ್ರತ್ಯಕ್ಷ, ಅನುಮಾನ, ಆಗಮ. ಯಂತ್ರದ ಬಳಿ ಇರುವುದು ಅನುಮಾನ ಮತ್ತು ಪರರ ಮಾತು. ಪ್ರತ್ಯಕ್ಷವು ಬೇರೆಯವರಿಂದ ತಂದ ಕಡ. ಕಡದ ಬಂಡವಾಳದಿಂದಲೂ ವ್ಯಾಪಾರ ನಡೆಯುತ್ತದೆ, ನಿಜ. ಆದರೆ ಕಡ ಕೊಡುವವರು ಉಳಿದಿರಬೇಕು.

ನಮ್ಮ ಕಾಫಿಯ ಮಾತನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಕಾಫಿ ಮಂಡಳಿಯಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ರುಚಿ ಪರೀಕ್ಷಿಸಿದ ಸುನಾಲಿನಿ ಮೆನನ್ ಅವರ ಹೆಸರು ಕಾಫಿ ಲೋಕಕ್ಕೆಲ್ಲ ಪರಿಚಿತ. ಈ ಪರೀಕ್ಷಕರು ಚಮಚೆಯಲ್ಲಿ ಕಾಫಿಯನ್ನೆತ್ತಿ ಸದ್ದಾಗುವಂತೆ ಹೀರಿ, ಬಾಯೆಲ್ಲ ಆಡಿಸಿ, ಉಗಿದುಬಿಡುತ್ತಾರೆ. ಬೀಜವನ್ನು ಹೆಚ್ಚು ಹುದುಗಿಸಿದ್ದಾರೆ, ಇಲ್ಲಿ ಮಣ್ಣಿನ ವಾಸನೆ ತಗುಲಿದೆ ಎಂದು ಹೇಳಿದರೆ, ತೋಟದವನು ಮುಂದಿನ ವರ್ಷ ತನ್ನ ಕಣದ ಕೆಲಸವನ್ನು ತಿದ್ದಿಕೊಳ್ಳಬಹುದು. ಒಬ್ಬನ ಬಾಯಿಯ ಅನುಭವ ಇನ್ನೊಬ್ಬನ ಬೆಳೆಯನ್ನು ತಿದ್ದುತ್ತದೆ. ರುಚಿಯೆಂಬುದು ಬರೀ ವೈಯಕ್ತಿಕ ಚಪಲವಲ್ಲ, ಹಂಚಿಕೊಳ್ಳಬಹುದಾದ ಜ್ಞಾನವೂ ಹೌದು ಎಂಬುದಕ್ಕೆ ಇಷ್ಟು ಸಾಕು.

ಇನ್ನು ನೀತಿಯ ಪ್ರಶ್ನೆ. ಕೇಂದ್ರ ಸರ್ಕಾರದ ಕಛೇರಿಯಲ್ಲಿ ಗುಮಾಸ್ತನಾದ ನನಗೆ ಇದು ಕಡತದ ಉಪಮೆಯಲ್ಲಿ ಚೆನ್ನಾಗಿ ತಿಳಿಯುತ್ತದೆ. ಟಿಪ್ಪಣಿ ಬರೆಯುವವನು ಒಬ್ಬ, ಸಹಿ ಹಾಕುವವನು ಇನ್ನೊಬ್ಬ. ಈಗ ಕಡತ ಕಾಗದದಿಂದ ಗಣಕಯಂತ್ರಕ್ಕೆ ಬಂದಿದೆ. ಸಹಿಯ ಅರ್ಥ ಮಾತ್ರ ಬದಲಾಗಿಲ್ಲ. ಕರಡು ಎಷ್ಟೇ ಸೊಗಸಾಗಿರಲಿ, ನಾಳೆ ಉತ್ತರ ಹೇಳಬೇಕಾದವನು ಸಹಿ ಹಾಕಿದವನು. ಯಂತ್ರ ಒಳ್ಳೆಯ ಟಿಪ್ಪಣಿಗಾರನಾಗಬಹುದು, ಆದರೆ ಸಹಿ ಹಾಕಲಾರದು. 'ಈ ವೈನ್ ನಿಮಗೆ ಹಿಡಿಸುತ್ತದೆ' ಎಂಬುದು ಬರೀ ಮಾಹಿತಿಯಲ್ಲ, ಕೊಟ್ಟ ಮಾತು. ಹಿಡಿಸದಿದ್ದರೆ ಗ್ಲಾಸನ್ನು ಹಿಂದಕ್ಕೆ ಒಯ್ಯಬೇಕಾದವನು, ತಲೆ ತಗ್ಗಿಸಬೇಕಾದವನು ಒಬ್ಬನಿರಬೇಕು.

ಇನ್ನೊಂದು ಅಪಾಯವೂ ಇದೆ. ಹೆಚ್ಚು ಲಾಭ ತರುವ ಸೀಸೆಯನ್ನೇ ಮುಂದಿಡು ಎಂದು ಯಂತ್ರಕ್ಕೆ ಗುಟ್ಟಾಗಿ ಹೇಳಿಟ್ಟರೆ ಅದು ಅಳುಕದೆ ಹಾಗೆಯೇ ಮಾಡೀತು. ಮನುಷ್ಯನಿಗೂ ಧಣಿ ಹಾಗೆ ಹೇಳಬಹುದು. ಆದರೆ ನಿತ್ಯ ಬರುವ ಗಿರಾಕಿಗೆ 'ಮೀನು ಇವತ್ತು ಬೇಡ ಸಾರ್, ತಾಜಾ ಇಲ್ಲ' ಎಂದು ಮೆಲ್ಲನೆ ಹೇಳುವ ಮಾಣಿಯನ್ನು ನೀವೂ ಕಂಡಿದ್ದೀರಿ. ಆ ಪಿಸುಮಾತಿನಿಂದ ಧಣಿಗೆ ಅಂದು ಒಂದು ತಟ್ಟೆಯ ನಷ್ಟ, ವರ್ಷಕ್ಕೆ ಒಬ್ಬ ಗಿರಾಕಿಯ ಲಾಭ.

ನನ್ನನ್ನು ಹೆಚ್ಚಾಗಿ ಕಾಡುವುದು ಕಲಿಯುವ ಹುಡುಗರ ಸಂಗತಿ. ಊರಿನಿಂದ ಬಂದು ಮೇಜು ಒರೆಸುತ್ತ, ರಾತ್ರಿ ಶಾಲೆಯಲ್ಲಿ ಓದುತ್ತ, ಮಾಣಿಯಾಗಿ, ಕ್ಯಾಪ್ಟನ್ನಾಗಿ, ಕೆಲವರು ಧಣಿಗಳೂ ಆದದ್ದು ನಮ್ಮ ಸಮಾಜದ ಕಥೆ. ಅವರನ್ನು ಮೇಲೆತ್ತಿದ್ದು ಗಿರಾಕಿಯ ಮುಖ ನೋಡಿ ಹಸಿವನ್ನು ಅಳೆಯುವ ವಿದ್ಯೆ, ತಪ್ಪಿ ತಿದ್ದಿಕೊಂಡು ಬಂದ ವಿದ್ಯೆ. ನವಿಮುಂಬಯಿಯ ಹೋಟೆಲಿನಲ್ಲಿ ಇಂದು ಸೇರುವ ಹುಡುಗನ ಕೈಗೆ ಮೊದಲ ದಿನವೇ ಉತ್ತರ ಹೇಳುವ ಯಂತ್ರ ಕೊಟ್ಟರೆ ಗಿರಾಕಿಗೇನೋ ಅಂದು ಅನುಕೂಲವೇ. ಆದರೆ ಆ ಹುಡುಗ ಹತ್ತು ವರ್ಷದ ಮೇಲೂ ಯಂತ್ರ ಹೇಳಿದ್ದನ್ನು ಒಪ್ಪಿಸುವವನಾಗಿಯೇ ಉಳಿದಾನು. ಯಂತ್ರ ತಪ್ಪಿದಾಗ ಅದು ತಪ್ಪೆಂದು ಅವನಿಗೆ ತಿಳಿಯದು. ಎಂದೂ ಟಿಪ್ಪಣಿ ಬರೆಯದ ಅಧಿಕಾರಿ ಕೆಟ್ಟ ಟಿಪ್ಪಣಿಗೂ ಸಹಿ ಹಾಕುತ್ತಾನಷ್ಟೇ.

ಆದ್ದರಿಂದ ಯಂತ್ರವನ್ನು ಹೊರಗಿಡಬೇಕೆಂದು ನನ್ನ ವಾದವಲ್ಲ. ಕ್ರಮ ಸರಿಯಿರಲಿ ಎಂಬುದಷ್ಟೇ. ಹುಡುಗ ಮೊದಲು ತಾನು ಮೂಸಲಿ, ಸವಿಯಲಿ, ತನ್ನ ಮಾತಿನಲ್ಲಿ ಬರೆದಿಡಲಿ. ವೈನೇ ಆಗಬೇಕೆಂದಿಲ್ಲ, ಕಾಫಿಯಾಗಲಿ ಸಾರಾಗಲಿ ಅಭ್ಯಾಸ ಒಂದೇ. ಆಮೇಲೆ ಯಂತ್ರವನ್ನು ಕೇಳಲಿ. ಇಬ್ಬರ ಮಾತೂ ಬೇರೆಯಾದಲ್ಲಿ ಏಕೆಂದು ಹಿರಿಯರನ್ನು ವಿಚಾರಿಸಲಿ. ಮನುಷ್ಯನ ನಾಲಗೆ ಮೋಸಹೋಗುತ್ತದೆಂದು ಮೇಲೆ ಕಂಡೆವು. ಆ ಮೋಸವನ್ನು ತೋರಿಸಿಕೊಡಲು ಯಂತ್ರ ಒಳ್ಳೆಯ ಜೊತೆಗಾರ. ಗಿರಾಕಿ ಕೇಳಿದರೆ, ಇದು ನಾನು ಸವಿದು ಹೇಳಿದ್ದು, ಇದು ಯಂತ್ರ ಹೇಳಿದ್ದು ಎಂದು ಮರೆಮಾಚದೆ ಹೇಳುವ ಪ್ರಾಮಾಣಿಕತೆಯೂ ಇರಲಿ.

ನಮ್ಮ ಸಂಘದ ಸದಸ್ಯರಲ್ಲಿ ಹೋಟೆಲು ನಡೆಸುವವರು ಅನೇಕರಿದ್ದಾರೆ. ತಮ್ಮಲ್ಲಿ ಕೆಲಸ ಕಲಿಯುವ ಹುಡುಗರಿಗೆ ಯಂತ್ರ ಬಂದ ಮೇಲೆ ಏನು ಕಲಿಸಬೇಕು, ಏನನ್ನು ಯಂತ್ರಕ್ಕೆ ಬಿಡಬೇಕು ಎಂಬುದನ್ನು ಅವರು ಅನುಭವದಿಂದ ಹೇಳಬಲ್ಲರು. ಈ ಬಗ್ಗೆ ಅವರು ಇದೇ ಪುಟಗಳಲ್ಲಿ ಬರೆದರೆ ನನ್ನಂಥ ಕಛೇರಿಯವರಿಗೂ ಉಪಕಾರವಾದೀತು. ನಮ್ಮ ಮೇಜಿಗೂ ಆ ಟಿಪ್ಪಣಿಗಾರ ಬಂದು ಕುಳಿತಾಗಿದೆ.