ರೋಗಿಯ ಬಳಿ ಕುಳಿತುಕೊಳ್ಳುವ ಸೇವೆ



ಗೀತೆಯ ಪ್ರಥಮಾಧ್ಯಾಯದಲ್ಲಿ ಅರ್ಜುನನ ಅವಯವಗಳು ಕುಸಿದವು, ಬಾಯಿ ಒಣಗಿತು, ಕೈಯಿಂದ ಗಾಂಡೀವ ಜಾರಿತು. ಸರ್ವಜ್ಞನಾದ ಶ್ರೀಕೃಷ್ಣಪರಮಾತ್ಮನು ನಡುವೆ ತಡೆಯದೆ ಆ ದುಃಖವನ್ನೆಲ್ಲ ಕೇಳಿದನು. ಉಪದೇಶ ಆರಂಭವಾದುದು ಎರಡನೆಯ ಅಧ್ಯಾಯದಲ್ಲಿ. ನಾವಾದರೋ ಆಸ್ಪತ್ರೆಗೆ ಕಾಲಿಟ್ಟೊಡನೆ ಎರಡನೆಯ ಅಧ್ಯಾಯದಿಂದಲೇ ತೊಡಗುತ್ತೇವೆ! ದೇಹ ನಶ್ವರ, ಪ್ರಾರಬ್ಧವನ್ನು ಅನುಭವಿಸಿಯೇ ತೀರಬೇಕು ಎನ್ನುತ್ತೇವೆ. ಸಿದ್ಧಾಂತವೇನೋ ಸರಿ, ಮರುದಿನ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಹೋಗಲಿರುವ ವೃದ್ಧೆಗೆ ಅದನ್ನು ಹೇಳುವ ಹೊತ್ತು ಅದಲ್ಲ.

ಮುಂಬಯಿ, ಪುಣೆಗಳಲ್ಲಿ ಮಕ್ಕಳ ಬಳಿ ಬಂದು ನೆಲೆಸಿರುವ ನಮ್ಮ ಹಿರಿಯರಲ್ಲಿ ಮೊಣಕಾಲಿನ ಕೀಲು ಬದಲಿಸುವುದು, ಜಾರಿಬಿದ್ದು ಮುರಿದ ಸೊಂಟದ ಮೂಳೆಗೆ ಶಸ್ತ್ರಚಿಕಿತ್ಸೆ ಮಾಡಿಸುವುದು ಈಗ ಅಪರೂಪವಲ್ಲ. ಅವರ ಭಯ ಕತ್ತಿ ಕತ್ತರಿಗಳದು ಮಾತ್ರವೇ? ಮಂಗಳಸೂತ್ರ ತೆಗೆಯಬೇಕಂತೆ ಎಂಬ ಅಳುಕು, ಇನ್ನು ನೆಲದಲ್ಲಿ ಕುಳಿತು ಪೂಜೆ ಸಾಗದು, ನಮಸ್ಕಾರ ಹಾಕಲಾಗದು ಎಂಬ ಕೊರಗು. ಇದನ್ನು ಅವರು ವೈದ್ಯರಿಗೂ ಹೇಳರು, ಮಗನಿಗೂ ಹೇಳರು. ಕೇಳಿದರೆ ಹೇಳುತ್ತಾರೆ. ರಕ್ತ ನಿಲ್ಲಿಸಲು ಬಳಸುವ ವಿದ್ಯುದುಪಕರಣದಿಂದ ಲೋಹ ತಾಗಿದೆಡೆ ಸುಡುವ ಸಂಭವವಿರುವುದರಿಂದ ಆಭರಣ ತೆಗೆಸುತ್ತಾರೆಂದು ಹಿಂದಿನ ದಿನವೇ ತಿಳಿಸಿ, ಅರಿಸಿನದ ದಾರವನ್ನಾದರೂ ಉಳಿಸಿಕೊಳ್ಳಬಹುದೇ ಎಂದು ವೈದ್ಯರನ್ನು ವಿಚಾರಿಸಿದರೆ ಅರ್ಧ ಕಣ್ಣೀರು ನಿಲ್ಲುತ್ತದೆ. ಪೂಜೆಯ ಮಾತೆಂದರೆ, ಮಾನಸಪೂಜೆಗೆ ಮೊಣಕಾಲು ಮಡಿಸಬೇಕಾಗಿಲ್ಲ.

ಭಯ ಹೆಚ್ಚಿದವರಿಗೆ ಅನಂತರದ ನೋವೂ ಹೆಚ್ಚಾಗಿ ತೋರುವುದುಂಟು. ನೋವಿಗಂಜಿ ಕಾಲು ಅಲುಗಿಸದಿದ್ದರೆ ಕೀಲು ಬಿಗಿಯುತ್ತದೆ. ಸಾಮಾನ್ಯವಾಗಿ ಅದೇ ದಿನ ಅಥವಾ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆಂಬುದು ಮೊದಲೇ ತಿಳಿದಿರಲಿ.

ಸೊಂಟ ಮುರಿದ ವೃದ್ಧರಲ್ಲಿ ಹಲವರಿಗೆ ರಾತ್ರಿಯ ಹೊತ್ತು ಬುದ್ಧಿ ಗೊಂದಲಗೊಳ್ಳುತ್ತದೆ. ಧಾರವಾಡದ ಮನೆಯಲ್ಲಿದ್ದೇನೆಂದು ಭ್ರಮಿಸಿ, ಎಂದೋ ತೀರಿಹೋದ ಅಣ್ಣನನ್ನು ಕರೆಯಬಹುದು. ಇದು ಹುಚ್ಚಲ್ಲ, ಗ್ರಹಪೀಡೆಯೂ ಅಲ್ಲ. ಕೂಡಲೇ ವೈದ್ಯರಿಗೆ ತಿಳಿಸಬೇಕಾದ, ಬಹುತೇಕರಲ್ಲಿ ಕೆಲವು ದಿನಗಳಲ್ಲಿ ಇಳಿಯುವ ಸ್ಥಿತಿ. ಕನ್ನಡಕ, ಶ್ರವಣಯಂತ್ರ, ಎದುರಿಗೊಂದು ಗಡಿಯಾರ, ಪರಿಚಿತ ಮುಖ ಇವು ನೆರವಾಗುತ್ತವೆ. ದಾದಿಯು ಎಷ್ಟೇ ದಯಾಳುವಾದರೂ ಅವಳ ಮರಾಠಿ, ಹಿಂದಿ ಆ ಹೊತ್ತಿಗೆ ತಲೆಗೆ ಹತ್ತುವುದಿಲ್ಲ. “ಅಜ್ಜೀ, ಇದು ಆಸ್ಪತ್ರೆ. ನಾನು ಇಲ್ಲೇ ಇದ್ದೇನೆ” ಎಂದು ಕನ್ನಡದಲ್ಲಿ ಹತ್ತು ಸಲವಾದರೂ ಬೇಸರಿಸದೆ ಹೇಳುವವರು ಬೇಕು.

ಮಗ, ಸೊಸೆ ಇಬ್ಬರೂ ನೌಕರಿಯಲ್ಲಿದ್ದಾರೆ. ಅವರಿಗೂ ನಿದ್ರೆ ಬೇಕು. ಆರಾಧನೆಯ ಪಂಕ್ತಿಯಲ್ಲಿ ಬಡಿಸಲು ಉತ್ಸಾಹದಿಂದ ಬರುವ ನಮ್ಮ ತರುಣರು ಅಂತಹ ಮನೆಯ ಒಂದೆರಡು ರಾತ್ರಿಗಳನ್ನು ತಾವು ವಹಿಸಿಕೊಳ್ಳಬಾರದೇ?

|| ಶ್ರೀಕೃಷ್ಣಾರ್ಪಣಮಸ್ತು ||